ಒಂದನೇ ತರಗತಿಯ ಬಾಗಿಲಲ್ಲಿ ಮೊದಲು ಮಗುವಿನ ಮಾತು

ಮುಂದಿನ ವಾರ ಶಾಲೆ ತೆರೆಯುತ್ತದೆ. ಬೆಂಚುಗಳನ್ನು ತೊಳೆದು ಒಣಗಿಸಿಯಾಗಿದೆ, ಹೆಂಚು ಸರಿದು ನೀರು ಸೋರುತ್ತಿದ್ದ ಮೂಲೆಯನ್ನು ಸರಿಪಡಿಸಿಯಾಗಿದೆ, ದಾಖಲಾತಿ ಪುಸ್ತಕದಲ್ಲಿ ಹೊಸ ಹೆಸರುಗಳು ಸೇರಿವೆ. ದಕ್ಷಿಣ ಕನ್ನಡದ ಒಂದು ಚರ್ಚಿಗೆ ಸೇರಿದ ಅನುದಾನಿತ ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು 22 ವರ್ಷಗಳಿಂದ ಒಂದನೇ ತರಗತಿಯ ಮಕ್ಕಳ ಜೊತೆಗಿದ್ದೇನೆ. ಪ್ರತಿ ವರ್ಷ ಈ ಹೊತ್ತಿಗೆ ಮನಸ್ಸಿನಲ್ಲಿ ಏಳುವ ಒಂದು ಮಾತನ್ನು ಈ ಸಲ ನನ್ನ ಸಹಶಿಕ್ಷಕಿಯರಿಗೆ, ಶಾಲೆ ನಡೆಸುವ ಸಿಸ್ಟರ್‌ಗಳಿಗೆ, ಸಂಚಾಲಕರಾಗಿರುವ ಫಾದರ್‌ಗಳಿಗೆ ಮತ್ತು ಮಗುವಿನ ಕೈ ಹಿಡಿದು ಗೇಟಿನವರೆಗೆ ಬರುವ ಹೆತ್ತವರಿಗೆ ಬರೆದೇ ತಿಳಿಸಬೇಕೆನಿಸಿದೆ. ಶಾಲೆ ತೆರೆದ ಮೊದಲ ಎರಡು ವಾರಗಳಲ್ಲಿ ಅಕ್ಷರಕ್ಕಿಂತ, ಶಿಸ್ತಿಗಿಂತ, ಪ್ರಾರ್ಥನೆಗಿಂತಲೂ ಮೊದಲು ಮಗುವಿಗೆ ಅದರ ಮನೆಮಾತಿನಲ್ಲಿ ಸ್ವಾಗತ ಸಿಗಬೇಕು. ಇದು ಕಥೋಲಿಕ ಶಾಲೆಗಳ ಮೇಲೆ ಯಾರೋ ಹೊರಗಿನಿಂದ ಹೊರಿಸುವ ಹೊಸ ಭಾರವಲ್ಲ. ನಮ್ಮದೇ ಪರಂಪರೆಯ ಬುಡದಲ್ಲಿರುವ ಕರ್ತವ್ಯ.

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ, ನನ್ನ ತಪ್ಪಿನಿಂದ ಬಂದದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಜೂನ್ ತಿಂಗಳ ಎರಡನೆಯ ದಿನವೋ ಮೂರನೆಯ ದಿನವೋ ಇರಬೇಕು, ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಬ್ಯಾರಿ ಮನೆಯ ಒಬ್ಬಳು ಹುಡುಗಿ ಎದ್ದು ನಿಂತು ಬಹಳ ಮೆಲ್ಲಗೆ ‘ತನ್ನಿ’ ಎಂದಳು. ನಾನು ಕೊಂಕಣಿ ಮನೆಯಲ್ಲಿ ಬೆಳೆದವಳು. ನಮ್ಮ ಊರಿನ ಕಡೆ ಬ್ಯಾರಿ ಭಾಷೆ ಕಿವಿಗೆ ಬಿದ್ದದ್ದೇ ಕಡಿಮೆ. ಕನ್ನಡದ ‘ತನ್ನಿ’ ಎಂದೇ ತಿಳಿದು, ‘ಏನು ತರಬೇಕು?’ ಎಂದು ಕೇಳಿದೆ. ಆಕೆ ಮತ್ತೆ ‘ತನ್ನಿ’ ಎಂದಳು. ಟೀಚರಿಗೆ ಅಪ್ಪಣೆ ಮಾಡಬಾರದೆಂದು ಗದರಿಸಿ ಕೂರಿಸಿದೆ. ಮಧ್ಯಾಹ್ನ ಅಡುಗೆಯ ಅಕ್ಕ ಬಂದು, ಬ್ಯಾರಿ ಭಾಷೆಯಲ್ಲಿ ತನ್ನಿ ಎಂದರೆ ನೀರು ಎಂದು ಹೇಳುವ ಹೊತ್ತಿಗೆ ಮಗು ಬೆಳಗಿನಿಂದ ಬಾಯಾರಿಕೊಂಡೇ ಕುಳಿತಿತ್ತು. ಆಮೇಲೆ ನಾನೇ ಲೋಟದಲ್ಲಿ ನೀರು ತಂದುಕೊಟ್ಟೆ. ಅವಳು ಕುಡಿದಳು, ಆದರೆ ಆಗಸ್ಟ್ ತಿಂಗಳವರೆಗೆ ತರಗತಿಯಲ್ಲಿ ಒಂದು ಮಾತೂ ಆಡಲಿಲ್ಲ. ಬಾಯಾರಿದವರಿಗೆ ನೀರು ಕೊಡುವುದನ್ನು ಕರುಣೆಯ ಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದವಳು ನಾನೇ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಕರಾವಳಿಯ ಕನ್ನಡ ಮಾಧ್ಯಮ ಶಾಲೆಯ ಸ್ಥಿತಿಯನ್ನು ಘಟ್ಟದ ಮೇಲಿನವರಿಗೆ ಸ್ವಲ್ಪ ವಿವರಿಸಿ ಹೇಳಬೇಕು. ನನ್ನ ತರಗತಿಯಲ್ಲಿ ಹೆಚ್ಚಿನ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಹಿಂದೂ ಮಕ್ಕಳು ಹೆಚ್ಚಾಗಿ ತುಳು ಆಡುತ್ತಾರೆ, ಕ್ರೈಸ್ತ ಮಕ್ಕಳು ಕೊಂಕಣಿ ಆಡುತ್ತಾರೆ, ಮುಸ್ಲಿಂ ಮಕ್ಕಳು ಬ್ಯಾರಿ ಆಡುತ್ತಾರೆ, ಗಡಿಯ ಕಡೆಯಿಂದ ಬಂದವರು ಮಲಯಾಳ ಆಡುತ್ತಾರೆ. ಕನ್ನಡವನ್ನೇ ಮನೆಯಲ್ಲಿ ಆಡುವವರೆಂದರೆ ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ, ಗದಗದ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು. ಆದರೆ ಅವರ ಕನ್ನಡವನ್ನು ಕೇಳಿ ಉಳಿದ ಮಕ್ಕಳು ನಗುತ್ತಾರೆ, ಕೆಲವೊಮ್ಮೆ ನಮ್ಮ ಶಿಕ್ಷಕಿಯರೂ ತಿದ್ದಲು ಹೊರಡುತ್ತಾರೆ. ‘ಅವ್ವ ಬೇಕು’ ಎಂದು ಅಳುವ ಮಗುವಿಗೆ ‘ಅಮ್ಮ ಎನ್ನಬೇಕು’ ಎಂದು ತಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಳುವ ಮಗುವಿಗೆ ಬೇಕಾದದ್ದು ಅವ್ವ, ಶಬ್ದಶುದ್ಧಿಯಲ್ಲ. ‘ಎಂಕ್ ಇಲ್ಲಡೆ ಪೋವೊಡು’ ಎಂದು ತುಳುವಿನಲ್ಲಿ ಅಳುವ ಮಗು ಮನೆಗೆ ಹೋಗಬೇಕೆಂದು ಹೇಳುತ್ತಿದೆ; ಅದಕ್ಕೆ ತುಳುವಿನಲ್ಲೇ ಎರಡು ಮಾತು ಹೇಳಿ ಸಮಾಧಾನ ಮಾಡಿದರೆ ಕನ್ನಡಕ್ಕೆ ಯಾವ ನಷ್ಟವೂ ಆಗುವುದಿಲ್ಲ. ನನ್ನ ಅನುಭವದಲ್ಲಿ, ಮೊದಲ ವಾರ ಮನೆಮಾತಿನಲ್ಲಿ ಉತ್ತರ ಪಡೆದ ಮಗು ದಸರಾ ರಜೆಯ ಹೊತ್ತಿಗೆ ಕನ್ನಡವನ್ನು ಧೈರ್ಯವಾಗಿ ಆಡುತ್ತದೆ. ಗದರಿಸಿಕೊಂಡ ಮಗು ಬಾಯಿ ತೆರೆಯಲು ಬಹಳ ದಿನ ಬೇಕಾಗುತ್ತದೆ.

ಇದರಲ್ಲಿ ಕಥೋಲಿಕ ಶಾಲೆಗೆ ವಿಶೇಷವಾಗಿ ಸಂಬಂಧಪಟ್ಟದ್ದೇನೆಂದು ಕೇಳುವವರಿದ್ದಾರೆ. ಶಿಕ್ಷಕರ ಪಾಲಕ ಸಂತರೆಂದು 1950ರಲ್ಲಿ 12ನೇ ಪಿಯುಸ್ ಪೋಪ್ ಅವರು ಘೋಷಿಸಿದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರನ್ನು ಇಲ್ಲಿ ನೆನೆಯಬೇಕು. 17ನೇ ಶತಮಾನದ ಫ್ರಾನ್ಸ್‌ನಲ್ಲಿ ಬಡವರ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿದ ಅವರು, ಓದನ್ನು ಲ್ಯಾಟಿನ್‌ನಿಂದಲೇ ಆರಂಭಿಸಬೇಕೆಂಬ ಅಂದಿನ ರೂಢಿಯನ್ನು ಬಿಟ್ಟು, ಮಕ್ಕಳು ಬೀದಿಯಲ್ಲಿ ಆಡುತ್ತಿದ್ದ ಫ್ರೆಂಚ್‌ನಲ್ಲೇ ಮೊದಲು ಓದಿಸಿದರು. ಲ್ಯಾಟಿನ್ ಆಗ ಚರ್ಚಿನ ಭಾಷೆ, ಪೂಜೆಯ ಭಾಷೆ, ವಿದ್ವಾಂಸರ ಭಾಷೆ. ಅದನ್ನೇ ಎರಡನೆಯ ಸ್ಥಾನಕ್ಕೆ ಸರಿಸಿ ಮಗುವಿನ ಮಾತನ್ನು ಮುಂದಿಟ್ಟ ಗುರುಗಳು ನಮ್ಮ ಪಾಲಕ ಸಂತರಾಗಿರುವಾಗ, ಕನ್ನಡದ ಹೆಸರಿನಲ್ಲಾಗಲಿ ಇಂಗ್ಲಿಷಿನ ಹೆಸರಿನಲ್ಲಾಗಲಿ ಆರು ವರ್ಷದ ಮಗುವಿನ ಬಾಯಿ ಮುಚ್ಚಿಸುವ ಹಕ್ಕು ನಮಗೆ ಎಲ್ಲಿಂದ ಬಂತು?

ನಮ್ಮ ಊರಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಯೇಸುಸಭೆಯ (ಜೆಸ್ವಿಟ್) ಇಟಲಿಯ ಗುರು ಆಂಜೆಲೊ ಮಾಫೆಯಿ ಮಂಗಳೂರಿನಲ್ಲಿದ್ದುಕೊಂಡು ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಅವುಗಳನ್ನು ಅಚ್ಚು ಹಾಕಿದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯ ಎಂಬುದನ್ನು ನೆನೆದರೆ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. 1870ರಲ್ಲಿ ಮಂಗಳೂರಿಗೆ ಬಂದಿಳಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರೂ ಪರಭಾಷೆಯ ನಡುವೆಯೇ ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡವರು. ಅಷ್ಟು ದೂರದಿಂದ ಬಂದವರು ಇಲ್ಲಿಯ ಮಾತುಗಳಿಗೆ ಕಿವಿಗೊಟ್ಟಿದ್ದರೆ, ಪಕ್ಕದ ಗುಡ್ಡೆಯ ಮನೆಯ ಮಗುವಿನ ಭಾಷೆಯಲ್ಲಿ ನೀರಿಗೆ ಏನೆನ್ನುತ್ತಾರೆಂದು ತಿಳಿದುಕೊಳ್ಳುವುದು ನಮಗೆ ಹೊರೆಯಾಗಬಾರದು.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಪ್ರಾರಂಭೋತ್ಸವ ಈಗ ಎಲ್ಲ ಕಡೆಯೂ ಚೆನ್ನಾಗಿಯೇ ನಡೆಯುತ್ತದೆ. ಮಾವಿನ ತೋರಣ ಕಟ್ಟುತ್ತೇವೆ, ಮಕ್ಕಳಿಗೆ ಹೂ ಕೊಡುತ್ತೇವೆ, ಬಿಸಿಯೂಟಕ್ಕೆ ಪಾಯಸ ಮಾಡುತ್ತೇವೆ, ಫಾದರ್ ಆಶೀರ್ವಚನ ನೀಡುತ್ತಾರೆ, ಪಠ್ಯಪುಸ್ತಕಗಳು ಬಂದಿದ್ದರೆ ಅಂದೇ ಹಂಚುತ್ತೇವೆ. ಇದೆಲ್ಲ ಇರಲಿ. ಆದರೆ ಭಾಷಣಗಳು ಅರ್ಧ ಗಂಟೆ ಮೀರಬಾರದು, ಒಂದನೇ ತರಗತಿಯ ಮಕ್ಕಳನ್ನು ಅತಿಥಿಗಳ ಮುಂದೆ ಸಾಲಾಗಿ ನೆಲದ ಮೇಲೆ ಕೂರಿಸಿ ಕಾಯಿಸಬಾರದು. ನಾನು ಈಗ ಆ ಮಕ್ಕಳನ್ನು ಹೂ ಕೊಟ್ಟ ಕೂಡಲೇ ಕೋಣೆಗೆ ಕರೆದುಕೊಂಡು ಬರುತ್ತೇನೆ. ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು, ಮನೆಯಲ್ಲಿ ಏನೆಂದು ಕರೆಯುತ್ತಾರೆಂದು ಕೇಳುತ್ತೇನೆ. ಹಾಜರಿ ಪುಸ್ತಕದ ಹೆಸರನ್ನು ಕೂಗಿದರೆ ಎಷ್ಟೋ ಮಕ್ಕಳು ಉತ್ತರ ಕೊಡುವುದಿಲ್ಲ, ಏಕೆಂದರೆ ಆ ಹೆಸರನ್ನು ಅವರು ಕೇಳಿರುವುದೇ ಕಡಿಮೆ. ಮನೆಯಲ್ಲಿ ಅವರು ಪುಟ್ಟ, ಚಿನ್ನು, ಬಾಬಾ, ಮೋಳು. ಮೊದಲ ವಾರ ಹಾಜರಿ ಕರೆಯುವಾಗ ಎರಡೂ ಹೆಸರುಗಳನ್ನು ಸೇರಿಸಿ ಕರೆಯುತ್ತೇನೆ. ಅದಾದ ಮೇಲೆ ಶೌಚಾಲಯವನ್ನು ತೋರಿಸುತ್ತೇನೆ, ಬಾಗಿಲಿನ ಚಿಲಕವನ್ನು ಹಾಕುವುದು ಮತ್ತು ತೆಗೆಯುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಿ ನೋಡುತ್ತೇನೆ. ಮೊದಲ ತಿಂಗಳಲ್ಲಿ ಬಟ್ಟೆ ಒದ್ದೆ ಮಾಡಿಕೊಳ್ಳುವ ಹೆಚ್ಚಿನ ಮಕ್ಕಳಿಗೆ ಆ ಚಿಲಕದ ಭಯವೇ ಕಾರಣವೆಂದು ತಿಳಿಯಲು ನನಗೆ ಏಳೆಂಟು ವರ್ಷಗಳು ಬೇಕಾದವು.

ಹೆತ್ತವರ ಆತುರದ ಬಗ್ಗೆಯೂ ಒಂದು ಮಾತು. ಶಾಲೆ ತೆರೆದ ನಾಲ್ಕನೆಯ ದಿನಕ್ಕೆ ‘ಟೀಚರ್, ಇನ್ನೂ ಅ ಆ ಇ ಈ ಬರೆಸಿಲ್ಲವಲ್ಲ’ ಎಂದು ಕೇಳುವವರು ಬರುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನಗೂಲಿ ಬಿಟ್ಟು ಬಂದು ಕೇಳುವ ತಾಯಿಗೆ ಆ ಅಕ್ಷರಗಳೇ ಭರವಸೆ. ಆದರೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ, ರ ಗ ಸ ದ ಅ ಎಂಬ ಕ್ರಮದಲ್ಲಿ ಬರುತ್ತವೆ, ಮತ್ತು ಆ ಐದೇ ಅಕ್ಷರಗಳಿಂದ ಸರ, ಅರಸ, ಗರಗಸ ಎಂಬ ಪದಗಳನ್ನು ಮಗು ತಾನೇ ಓದಬಲ್ಲದು. ಒಂದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗಾಗಿ ಇರುವ ವಿದ್ಯಾಪ್ರವೇಶ ಕಾರ್ಯಕ್ರಮದ ಚಟುವಟಿಕೆಗಳೂ ಮೊದಲ ಮೂರು ತಿಂಗಳು ಆಟ, ಮಾತು, ಹಾಡುಗಳ ಮೂಲಕವೇ ಮಗುವನ್ನು ಶಾಲೆಗೆ ಸಿದ್ಧಗೊಳಿಸಬೇಕೆನ್ನುತ್ತವೆ. ಇದನ್ನು ಮೊದಲ ಪಾಲಕರ ಸಭೆಯಲ್ಲಿ ನಾನು ಕನ್ನಡದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ ವಿವರಿಸುತ್ತೇನೆ. ಎರಡನೆಯ ಸಲ ಹೇಳುವಾಗ ಪ್ರಶ್ನೆಗಳು ಬರುತ್ತವೆ. ಕನ್ನಡದಲ್ಲಿ ಹೇಳಿದಾಗ ಎಲ್ಲರೂ ಸುಮ್ಮನೆ ತಲೆಯಾಡಿಸುತ್ತಾರೆ. ದೊಡ್ಡವರ ಪಾಡೇ ಹೀಗಿರುವಾಗ ಮಕ್ಕಳ ಪಾಡನ್ನು ಊಹಿಸಬಹುದು.

ಪ್ರಾರ್ಥನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕೋಣೆಯ ಕರಿಹಲಗೆಯ ಮೇಲ್ಗಡೆ ಶಿಲುಬೆಯಿದೆ, ಮೂಲೆಯಲ್ಲಿ ಮಾತೆ ಮರಿಯಮ್ಮನವರ ಸಣ್ಣ ಪ್ರತಿಮೆಯಿದೆ. ಅವು ಅಲ್ಲಿರುವುದು ನನಗೆ ಬೇಕು. ಅವುಗಳಿಲ್ಲದ ತರಗತಿಯಲ್ಲಿ ಪಾಠ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಮೊದಲ ಬಾರಿಗೆ ಶಿಲುಬೆಯನ್ನು ನೋಡುವ ಮಗುವಿನ ಕಣ್ಣಿನಿಂದ ನಾವು ಅದನ್ನು ನೋಡಿದ್ದೇವೆಯೇ? ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬೆಳಗಿನಿಂದ ಮೇಲೆಯೇ ನೋಡುತ್ತಿದ್ದು, ಕೊನೆಗೆ ಹತ್ತಿರ ಬಂದು, ‘ಅವರಿಗೆ ಹೊಡೆದದ್ದು ಯಾರು ಟೀಚರ್? ಈ ಶಾಲೆಯವರಾ?’ ಎಂದು ಕೇಳಿದ. ನಾನು ಅವನನ್ನು ಕೂರಿಸಿಕೊಂಡು, ಅವರು ಮಕ್ಕಳೆಂದರೆ ತುಂಬ ಪ್ರೀತಿ ಇದ್ದವರು, ಬಹಳ ಹಿಂದೆ ದೂರದ ಊರಿನಲ್ಲಿ ಕೆಲವರು ಅವರಿಗೆ ಅನ್ಯಾಯ ಮಾಡಿದರು, ಅವರು ತಿರುಗಿ ಹೊಡೆಯಲಿಲ್ಲ, ಈ ಕೋಣೆಯಲ್ಲಿಯೂ ಯಾರೂ ಯಾರಿಗೂ ಹೊಡೆಯುವುದಿಲ್ಲ ಎಂದು ಹೇಳಿದೆ. ‘ನೀವೂ ಹೊಡೆಯುವುದಿಲ್ಲವಾ?’ ಎಂದು ಕೇಳಿದ. ಅಂದಿನವರೆಗೂ ನನ್ನ ಮೇಜಿನ ಮೇಲೆ ಇರುತ್ತಿದ್ದ ಕೋಲನ್ನು ಮರುದಿನದಿಂದ ನಾನು ತರಲಿಲ್ಲ.

ಹಾಗೆಯೇ, ಮೊದಲ ದಿನವೇ ಎಲ್ಲ ಮಕ್ಕಳಿಂದ ಶಿಲುಬೆಯ ಗುರುತು ಮಾಡಿಸುವುದು ತಪ್ಪೆಂದು ನಾನು ನಂಬುತ್ತೇನೆ. ಸಂವಿಧಾನದ 28ನೇ ವಿಧಿಯ 3ನೇ ಉಪವಿಧಿಯು, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಒಳಪಡಿಸಬಾರದೆನ್ನುತ್ತದೆ. 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ನಮ್ಮ ಶಾಲೆಗಳಿಗೆ ನೀಡಿದ ಮಾರ್ಗಸೂಚಿಯೂ ಅನ್ಯಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆಗಳನ್ನು ಹೇರಬಾರದೆಂದು ಹೇಳಿತು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕೆಂದಿತು. ಕೆಲವರು ಇದನ್ನು ಕಾಲದ ಒತ್ತಡಕ್ಕೆ ಮಣಿದದ್ದು ಎಂದು ಬೇಸರಪಟ್ಟರು. ನನಗೆ ಹಾಗನಿಸಲಿಲ್ಲ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿ ಕೋಪಗೊಂಡ ಪ್ರಸಂಗ ಶುಭಸಂದೇಶದಲ್ಲಿದೆ. ಆ ಮಕ್ಕಳನ್ನು ಅವರು ಅಪ್ಪಿಕೊಂಡು ಹರಸಿದರು, ಅದಕ್ಕೆ ಮೊದಲು ಅವರಿಗೆ ಯಾವ ಪ್ರಾರ್ಥನೆ ಬರುತ್ತದೆಂದು ವಿಚಾರಿಸಲಿಲ್ಲ. ನನ್ನ ತರಗತಿಯಲ್ಲಿ ಬೆಳಿಗ್ಗೆ ಒಂದು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿರುತ್ತೇವೆ. ಆಮೇಲೆ ಕಥೋಲಿಕ ಮಕ್ಕಳು ಶಿಲುಬೆಯ ಗುರುತು ಹಾಕುತ್ತಾರೆ, ಕೆಲವರು ಕೈ ಮುಗಿಯುತ್ತಾರೆ, ಕೆಲವರು ಅಂಗೈಗಳನ್ನು ತೆರೆದು ಹಿಡಿಯುತ್ತಾರೆ, ಏನೂ ಮಾಡದವರು ಸುಮ್ಮನಿರುತ್ತಾರೆ. ಧರ್ಮೋಪದೇಶದ ತರಗತಿ ಕಥೋಲಿಕ ಮಕ್ಕಳಿಗೆ ಪ್ರತ್ಯೇಕವಾಗಿ ನಡೆಯುತ್ತದೆ, ಆ ಹೊತ್ತಿನಲ್ಲಿ ಉಳಿದವರಿಗೆ ಮೌಲ್ಯಶಿಕ್ಷಣ ಇರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬಕ್ಕೆ, ಮುಂಚೆ ಅವರಿಗೆ ಹೂ ಅರ್ಪಿಸುವ ಒಂಬತ್ತು ದಿನಗಳಲ್ಲಿ, ಯಾರೂ ಹೇಳದೆಯೇ ಗದ್ದೆಯ ಬದುವಿನ ಹೂಗಳನ್ನು ಕೊಯ್ದು ತರುವವರಲ್ಲಿ ತುಳು ಮನೆಯ ಮಕ್ಕಳೇ ಮೊದಲಿಗರು. ಅದು ಒತ್ತಾಯದಿಂದ ಆಗುವ ಕೆಲಸವಲ್ಲ.

ಮಳೆಗಾಲದ ಕಷ್ಟ ಕರಾವಳಿಯವರಿಗೆಲ್ಲ ಗೊತ್ತಿರುವುದೇ. ಮಗು ಅಳು ನಿಲ್ಲಿಸಿತು ಎನ್ನುವಷ್ಟರಲ್ಲಿ ಜಿಲ್ಲಾಧಿಕಾರಿಗಳ ಮಳೆ ರಜೆ ಬರುತ್ತದೆ, ಮತ್ತೆ ಬಂದಾಗ ಅಳು ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿಯೇ ಎರಡು ವಾರ ಎಂದು ನಾನು ಹೇಳಿದ್ದನ್ನು ಕ್ಯಾಲೆಂಡರಿನ ಎರಡು ವಾರವೆಂದು ತಿಳಿಯದೆ, ಮಕ್ಕಳು ನಿಜವಾಗಿ ಶಾಲೆಯಲ್ಲಿ ಕಳೆದ ಹತ್ತು ಹನ್ನೆರಡು ದಿನಗಳೆಂದು ಲೆಕ್ಕ ಹಾಕಬೇಕು.

ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ದೊಡ್ಡದೇನಲ್ಲ. ನಿವೃತ್ತಿಯಿಂದ ತೆರವಾದ ಹುದ್ದೆಗಳು ತುಂಬದೆ, ಗೌರವ ಶಿಕ್ಷಕಿಯರನ್ನು ಇಟ್ಟುಕೊಂಡು ಶಾಲೆ ನಡೆಸುವ ಕಷ್ಟ ನನಗೆ ತಿಳಿದಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗಬೇಕೆಂಬ ಒತ್ತಡವೂ ತಿಳಿದಿದೆ. ಹಣ ಬೇಡದ ಒಂದು ಕೆಲಸವನ್ನಾದರೂ ಮಾಡೋಣ. ದಾಖಲಾತಿಯ ದಿನ ಮಗುವಿನ ಮನೆಮಾತು ಯಾವುದೆಂದು ಕೇಳಿ, ಅದನ್ನು ಕಚೇರಿಯ ಕಪಾಟಿನಲ್ಲಿ ಇಡದೆ ತರಗತಿಯ ಶಿಕ್ಷಕಿಯ ಕೈಗೆ ಕೊಡಲಿ. ಶಾಲೆ ತೆರೆಯುವ ಮುನ್ನ ಶಿಕ್ಷಕರಿಗಾಗಿ ಅರ್ಪಿಸುವ ಬಲಿಪೂಜೆಯ ನಂತರ ಒಂದು ಗಂಟೆ ಕುಳಿತು, ಯಾವ ಭಾಷೆ ಯಾರಿಗೆ ಬರುತ್ತದೆ, ಯಾವ ಮಗುವನ್ನು ಯಾರು ಸಮಾಧಾನ ಮಾಡಬಲ್ಲರು ಎಂದು ಮಾತಾಡಿಕೊಳ್ಳಲಿ. ಆ ಪಟ್ಟಿಯಲ್ಲಿ ಅಡುಗೆಯ ಅಕ್ಕಂದಿರ ಹೆಸರೂ ಇರಲಿ. ನನ್ನ ತಪ್ಪನ್ನು ತಿದ್ದಿದವರು ಅವರೇ.

ಈ ವರ್ಷ ನನ್ನ ಪಟ್ಟಿಯಲ್ಲಿ 23 ಹೆಸರುಗಳಿವೆ. ಒಂದು ಮಗುವಿನ ಮನೆಮಾತು ಒಡಿಯಾ. ತಂದೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ದಾಖಲಾತಿಗೆ ಬಂದ ದಿನ ಅವರನ್ನು ಕೂರಿಸಿಕೊಂಡು ಕೇಳಿ, ಹಾಜರಿ ಪುಸ್ತಕದ ಹಿಂಬದಿಯ ರಟ್ಟಿನಲ್ಲಿ ಬರೆದುಕೊಂಡಿದ್ದೇನೆ: ನೀರಿಗೆ ಪಾಣಿ, ಹಸಿವಿಗೆ ಭೋಕ, ತಾಯಿಗೆ ಬೊಉ. ಕೊನೆಯ ಪದದ ಉಚ್ಚಾರ ಇನ್ನೂ ನನ್ನ ನಾಲಿಗೆಗೆ ಸರಿಯಾಗಿ ಹೊಂದಿಲ್ಲ. ಸೋಮವಾರದೊಳಗೆ ಹೊಂದಿಸಿಕೊಳ್ಳಬೇಕು.