ಅದು ಸಿಂಥಸೈಜರ್ ಅಲ್ಲ, ಗಂಟಲು!

ಟೆನ್ ಸಿಸಿ (10cc) ಎಂಬ ಇಂಗ್ಲೆಂಡಿನ ನಾಲ್ವರ ಬ್ಯಾಂಡಿನ 'ಐಯಾಮ್ ನಾಟ್ ಇನ್ ಲವ್' ಹಾಡು ಹಾಕಿ, ಆ ಕಾಲದ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಎಷ್ಟು ಚೆನ್ನಾಗಿದೆ ಅಂತ ಹೊಗಳುವ ರೀಲ್ ಒಂದನ್ನು ಈಗಷ್ಟೇ ನೋಡಿದೆ. ಮೈ ಉರಿಯಿತು. ಹಾಡಿನುದ್ದಕ್ಕೂ ಹಿಂದೆ 'ಆ...' ಅಂತ ತೇಲುತ್ತದಲ್ಲ, ಅದು ಸಿಂಥಸೈಜರ್ ಅಲ್ಲ ಮಾರಾಯ್ರೆ. ಮನುಷ್ಯರ ಗಂಟಲು.

ಬ್ಯಾಂಡಿನ ಎರಿಕ್ ಸ್ಟೀವರ್ಟ್, ಗ್ರಹಾಂ ಗೌಲ್ಡ್‌ಮನ್ ಬರೆದಾಗ ಇದು ಬ್ರೆಜಿಲ್‌ನ ಬೋಸಾ ನೋವಾ ಸಂಗೀತದ ಧಾಟಿಯಲ್ಲಿತ್ತು. ಡ್ರಮ್ಮರ್ ಕೆವಿನ್ ಗಾಡ್ಲಿಗೆ ಒಂಚೂರೂ ಹಿಡಿಸಲಿಲ್ಲ. ಹಾಡನ್ನೇ ಕೈಬಿಟ್ಟರು. ಆದರೆ ಸ್ಟುಡಿಯೊದಲ್ಲಿ ಕೆಲಸ ಮಾಡುವವರ ಬಾಯಲ್ಲಿ ಅದು ಉಳಿದುಬಿಟ್ಟಿತ್ತು. ಮತ್ತೆ ಕೈಗೆತ್ತಿಕೊಂಡಾಗ, ಪೂರ್ತಿ ದನಿಯಲ್ಲೇ ಮಾಡೋಣ ಅಂದಿದ್ದು ಅದೇ ಗಾಡ್ಲಿ.

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಅವರದೇ ಸ್ಟ್ರಾಬೆರಿ ಸ್ಟುಡಿಯೊ. ಸ್ಟೀವರ್ಟ್ ದನಿಗಳನ್ನು ಬೆರೆಸುವ ಮಿಕ್ಸರ್ ಮುಂದೆ. ಉಳಿದ ಮೂವರು ಮೈಕ್ ಮುಂದೆ ನಿಂತು ಒಂದೇ ಸ್ವರವನ್ನು 'ಆ...' ಅಂತ ಎಳೆದರು. 16 ಸಲ. ಅಂದರೆ ಒಂದು ಸ್ವರಕ್ಕೆ 48 ದನಿ. ಆಮೇಲೆ ಮುಂದಿನ ಸ್ವರ. ಆಮೇಲೆ ಇನ್ನೊಂದು. ಒಟ್ಟು 600ಕ್ಕೂ ಜಾಸ್ತಿ ದನಿ! ಬ್ಯಾಂಡಿನ ನಾಲ್ಕನೆಯವನಾದ ಲಾಲ್ ಕ್ರೀಮ್ ಕೊಟ್ಟ ಐಡಿಯಾದಂತೆ ರೆಕಾರ್ಡಿಂಗ್ ಟೇಪಿನ ತುದಿಗೆ ತುದಿ ಅಂಟಿಸಿ, ಸ್ವರ ನಿಲ್ಲದ ಹಾಗೆ ಸುತ್ತಿಸಿದರು. ಮಿಕ್ಸರ್‌ನಲ್ಲಿ ದನಿ ಏರಿಸಿ ಇಳಿಸುವ ಜಾರುಗುಂಡಿಗೆ ಫೇಡರ್ ಅಂತಾರೆ. ಒಂದೊಂದು ಫೇಡರ್‌ಗೆ ಒಂದೊಂದು ಸ್ವರ. ಹಾರ್ಮೋನಿಯಂ ಮನೆಗಳ ಹಾಗೆ ಫೇಡರ್‌ಗಳನ್ನೇ ಏರಿಸಿ ಇಳಿಸಿ ನುಡಿಸಿದರು. ಫೇಡರ್ ಪೂರ್ತಿ ಇಳಿಯಬಾರದು ಅಂತ ಕೆಳಗೆ ಅಡ್ಡಲಾಗಿ ಅಂಟುಟೇಪ್ ಬೇರೆ. ಅದಕ್ಕೇ ಎಲ್ಲ ಸ್ವರಗಳೂ ಸಣ್ಣಗೆ ಉಳಿದೇ ಇರುತ್ತವೆ.

ಹಾಡಿನಲ್ಲಿ ಮೂಗ್ (Moog) ಕಂಪನಿಯ ಸಿಂಥಸೈಜರ್ ಇದೆ, ಇಲ್ಲ ಅನ್ನಲ್ಲ. ಅದು ಡಬ್ ಡಬ್ ಅನ್ನುವ ಡ್ರಮ್ ಬಡಿತಕ್ಕೆ.

ಕೇಳುವವರಿಗೆ ಹೇಗೆ ಮಾಡಿದರೇನು, ಈಗ ಲ್ಯಾಪ್‌ಟಾಪಿನಲ್ಲಿ ಒಂದು ಕೀ ಒತ್ತಿದರೆ ಕೋರಸ್ ಬರುತ್ತೆ ಅಂತೀರಿ. ಆ ಕೀ ಹಿಂದೆ ಇರುವುದೂ ಯಾರೋ ಹಾಡಿಟ್ಟ ದನಿಯೇ ಅಲ್ವಾ? ಅವರ ಹೆಸರು ಯಾರು ಕೇಳಿದರು?

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹಳೇ ಸ್ನೇಹಿತರಿಗೆ ಗೊತ್ತು. ಭಾವಗೀತೆ ಕ್ಯಾಸೆಟ್‌ಗಳ ಕೋರಸ್‌ನಲ್ಲಿ ಹಿಂದಿನ ಸಾಲಲ್ಲಿ ನಿಂತು ಹಾಡಿದವಳು ನಾನು. ಕವರ್ ಮೇಲೆ ನಮ್ಮ ಹೆಸರಿರಲಿಲ್ಲ. 'ಆ ಕೀಬೋರ್ಡ್ ಚೆನ್ನಾಗಿದೆ' ಅಂತ ನನ್ನೆದುರೇ ಅಂದವರಿದ್ದಾರೆ. ಉಸಿರು ಬಿಗಿಹಿಡಿದು ಹಾಡಿದ ದನಿ ಅದು. ತುಂಬಾ ನೋವಾಗಿತ್ತು.

1975ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಈ ಹಾಡು ನಂಬರ್ 1, ಅಮೆರಿಕದಲ್ಲಿ ನಂಬರ್ 2ರ ತನಕ ಹೋಯಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ರೇಡಿಯೊಗೆ ಅಂತ ಕತ್ತರಿಸಿದ್ದು ಬೇಡ, ಆರು ನಿಮಿಷದ ಪೂರ್ತಿ ಹಾಡು ಕೇಳಿ.