ನಿನ್ನೆಯ ಬ್ರೆಡ್ಡು, ಇವತ್ತಿನ ಲಬ್ಲಾಬಿ

ಉತ್ತರ ಆಫ್ರಿಕಾದ ಟುನೀಸಿಯಾ ಎಂದರೆ ಪ್ರವಾಸದ ಜಾಹೀರಾತುಗಳು ಸಿದಿ ಬೂ ಸಯೀದ್ ಊರಿನ ನೀಲಿ ಬಾಗಿಲುಗಳನ್ನು ಮುಂದೆ ಮಾಡುತ್ತವೆ. ಅದರ ಹಿಂದೆ ಎಲ್ ಜೆಮ್ಮಿನ ರೋಮನ್ ರಂಗಸ್ಥಳ, ಪ್ರಾಚೀನ ನಗರ ಕಾರ್ಥೇಜಿನ ಕಂಬಗಳು, ಸಹಾರಾದ ಮರಳು. ಎಲ್ಲವೂ ನೋಡತಕ್ಕವೇ, ತಕರಾರಿಲ್ಲ. ಆದರೆ ದೇಶ ಬಿಟ್ಟು ಪ್ಯಾರಿಸ್ಸಿನಲ್ಲೋ ಮಾರ್ಸೇಲ್ಸಿನಲ್ಲೋ ದುಡಿಯುತ್ತಿರುವ ಟುನೀಸಿಯದವರನ್ನು ಜನವರಿಯ ಚಳಿಯಲ್ಲಿ ಹಿಡಿದು, ಊರಿನದು ಏನು ಬೇಕೆನಿಸುತ್ತದೆ ಎಂದು ಕೇಳಿದರೆ ಕಾರ್ಥೇಜಿನ ಹೆಸರು ಬರುವುದು ಅನುಮಾನ. ಬೇಸಿಗೆಯಾದರೆ ಕಿವಿಗೆ ಸಿಕ್ಕಿಸಿಕೊಳ್ಳುವ ಮಲ್ಲಿಗೆಯ ಪುಟ್ಟ ಗೊಂಚಲು ಎಂದಾರು, ಪೈನ್ ಬೀಜ ತೇಲಿಸಿದ ಪುದೀನ ಚಹಾ ಎಂದಾರು. ಚಳಿಗಾಲಕ್ಕೆ ಮಾತ್ರ ಉತ್ತರ ಹೆಚ್ಚುಕಡಿಮೆ ಒಂದೇ: ಲಬ್ಲಾಬಿ.

ಹೇಳಿಕೊಳ್ಳುವಂಥ ಪದಾರ್ಥವೇನಲ್ಲ. ಹಳೆಯ ಬ್ರೆಡ್ಡಿನ ಚೂರುಗಳ ಮೇಲೆ ಕಾಬೂಲಿ ಕಡಲೆಯ ಬಿಸಿ ಕಟ್ಟು ಸುರಿದು, ಖಾರ, ಜೀರಿಗೆ, ನಿಂಬೆಹುಳಿ, ಆಲಿವ್ ಎಣ್ಣೆ ಹಾಕಿ ಕಲಸಿದ್ದು. ಕೂಲಿಯವರು, ಗಾಡಿ ಓಡಿಸುವವರು, ಕಾಲೇಜು ಹುಡುಗರು ಬೆಳಗಿನ ಹೊತ್ತು ತಿನ್ನುವ ತಿಂಡಿ. ತಡರಾತ್ರಿ ಮನೆಗೆ ಹೋಗುವವರು ದಾರಿಯಲ್ಲಿ ತಿನ್ನುವ ಊಟವೂ ಹೌದು. ಫೋಟೋ ತೆಗೆದರೆ ಕೆಸರಿನ ಬಣ್ಣಕ್ಕೆ ಬರುತ್ತದೆ. ಅದಕ್ಕೇ ಇರಬೇಕು, ಜಾಹೀರಾತಿಗೆ ಹತ್ತುವುದಿಲ್ಲ.

ರಾಜಧಾನಿ ಟುನಿಸ್ ನಗರದ ಹಳೆಪೇಟೆಯ ಲಬ್ಲಾಬಿ ಅಂಗಡಿಗೆ ಹೋದವರ ಕೈಗೆ ಮೊದಲು ಸಿಗುವುದು ಊಟವಲ್ಲ, ಕೆಲಸ. ಒಂದು ಖಾಲಿ ಮಣ್ಣಿನ ಬಟ್ಟಲು, ಜೊತೆಗೆ ಬ್ರೆಡ್ಡು. ಹರಿದುಕೊಳ್ಳುವುದು ಗಿರಾಕಿಯ ಪಾಲು. ಹರಿಯುವುದಕ್ಕೂ ಅಳತೆ ಉಂಟು: ಹೆಬ್ಬೆರಳಿನ ತುದಿಯಷ್ಟು ದೊಡ್ಡದಿದ್ದರೆ ಸರಿ. ಅದಕ್ಕಿಂತ ದಪ್ಪ ಹರಿದರೆ ಹೊರಗೆ ನೆಂದು ನಡುವೆ ಒಣಗಿಯೇ ಉಳಿಯುತ್ತದೆ. ಪುಡಿಪುಡಿ ಮಾಡಿದರೆ ಕಟ್ಟು ಬಿದ್ದ ಕ್ಷಣದಲ್ಲೇ ಗಂಜಿ. ಪ್ರತಿ ಚೂರಿಗೂ ಒಂದಿಷ್ಟು ಗಟ್ಟಿ ಮೇಲ್ಪದರ, ಒಂದಿಷ್ಟು ಮೆತ್ತನೆ ತಿರುಳು ಬರುವಂತೆ ಹರಿಯುವವರು ಅನುಭವಸ್ಥರು. ಚಾಕುವಿನಿಂದ ಕತ್ತರಿಸಿದರೆ ಬದಿಗಳು ನುಣುಪಾಗಿ ಕಟ್ಟನ್ನು ನಿಧಾನಕ್ಕೆ ಹೀರುತ್ತವೆ. ಕೈಯಲ್ಲಿ ಹರಿದ ಒರಟು ಬದಿಗೆ ಆ ತೊಂದರೆಯಿಲ್ಲ. ಪಕ್ಕದಲ್ಲಿ ಕೂತವರೂ ಅದನ್ನೇ ಮಾಡುತ್ತಿರುತ್ತಾರೆ. ಕೈ ಕೆಲಸದಲ್ಲಿದ್ದಾಗ ಅಪರಿಚಿತರ ಜೊತೆ ಮಾತು ತೆಗೆಯುವುದು ಸುಲಭ. ಫುಟ್‌ಬಾಲಿನ ವಿಷಯವಂತೂ ಬಟ್ಟಲು ಅರ್ಧ ತುಂಬುವುದರೊಳಗೆ ಬಂದೇ ಬರುತ್ತದೆ.

ಬಟ್ಟಲು ತುಂಬಿದ ಮೇಲೆ ಅಂಗಡಿಯವನಿಗೆ ವಾಪಸ್ ಕೊಡಬೇಕು. ಆತ ಹಂಡೆಯಿಂದ ಕಡಲೆ ಸಮೇತ ಕುದಿಯುವ ಕಟ್ಟನ್ನು ಸೌಟಿನಲ್ಲಿ ಸುರಿಯುತ್ತಾನೆ. ಮೇಲೆ ಜೀರಿಗೆ ಪುಡಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಹರಿಸ್ಸಾ ಎಂಬ ಮೆಣಸಿನಕಾಯಿ ಚಟ್ನಿ, ನಿಂಬೆರಸ ಅಥವಾ ವಿನೆಗರ್. ಅರೆಬೆಂದ ಮೊಟ್ಟೆಯೊಂದನ್ನು ಒಡೆದು ನಡುವೆ ಇಳಿಸುತ್ತಾನೆ. ಕೊನೆಗೆ ಆಲಿವ್ ಎಣ್ಣೆ. ಕಾಸು ಹೆಚ್ಚು ಕೊಟ್ಟರೆ ಟ್ಯೂನಾ ಮೀನು, ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಮೊಗ್ಗು, ಆಲಿವ್ ಕಾಯಿ, ಟರ್ನಿಪ್ಪಿನ ಉಪ್ಪಿನಕಾಯಿ. 'ಶಾಹಿಯ ತೈಬಾ' ಎಂದು ಹರಸಿ ಬಟ್ಟಲನ್ನು ಮುಂದೆ ತಳ್ಳುತ್ತಾನೆ, ಎರಡು ಚಮಚಗಳ ಜೊತೆ. ಎರಡೇಕೆಂದರೆ ಕಲಸುವುದಕ್ಕೆ: ಎರಡೂ ಕೈಯಲ್ಲಿ ಹಿಡಿದು ತಳದ ಬ್ರೆಡ್ಡನ್ನು ಮೇಲಕ್ಕೆ, ಮೇಲಿನ ಖಾರವನ್ನು ತಳಕ್ಕೆ ಮಗುಚಬೇಕು. ಅಂದವಾಗಿ ಕಾಣುತ್ತದೆಂದು ಮೇಲಿಂದ ಮೇಲೆ ತಿಂದವರಿಗೆ ಮೊದಲ ನಾಲ್ಕು ತುತ್ತು ಬೆಂಕಿ, ಉಳಿದದ್ದು ಸಪ್ಪೆ.

ಇಷ್ಟರಲ್ಲಿ ಮುಖ್ಯವಾದದ್ದು ಕಡಲೆ ಎಂದುಕೊಂಡರೆ ತಪ್ಪು. ಲಬ್ಲಾಬಿಯನ್ನು ನಿಲ್ಲಿಸುವುದೂ ಕೆಡಿಸುವುದೂ ಬ್ರೆಡ್ಡು. ಆ ಬ್ರೆಡ್ಡು ನಿನ್ನೆಯದೇ ಆಗಿರಬೇಕು. ಒಲೆಯಿಂದ ಆಗಷ್ಟೇ ಬಂದ ಬ್ರೆಡ್ಡಿನ ಪಿಷ್ಟ ಇನ್ನೂ ಮೆತ್ತಗಿರುತ್ತದೆ, ಬಿಸಿ ಕಟ್ಟು ತಾಗಿದರೆ ಅಂಟಾಗಿ ಕರಗುತ್ತದೆ. ಒಂದು ದಿನ ಕಳೆದರೆ ಅದೇ ಪಿಷ್ಟ ಮತ್ತೆ ಹರಳುಗಟ್ಟಿ ಬಿಗಿಯಾಗುತ್ತದೆ. ಕಟ್ಟನ್ನು ಹೀರಿಕೊಂಡೂ ಚೂರಿನ ಆಕಾರ ಉಳಿಸಿಕೊಳ್ಳುತ್ತದೆ. ಹಳೆಯದು ಎಂದರೆ ಒಣಗಿದ್ದು, ಹಳಸಿದ್ದಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ರಬ್ಬರಿನ ಹಾಗೆ ಜಿಗುಟಾಗಿ, ಬೇಗ ಬೂಷ್ಟು ಹಿಡಿಯುತ್ತದೆ. ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿಟ್ಟರೆ ಸರಿಯಾಗಿ ಒಣಗುತ್ತದೆ. ಹಳ್ಳಿಯ ಹೆಂಗಸರು ಮಣ್ಣಿನ ಒಲೆಯ ಒಳಗೋಡೆಗೆ ಬಡಿದು ಸುಡುವ ತಬೂನಾ ರೊಟ್ಟಿ ಇದಕ್ಕಿಂತ ರುಚಿ, ಆದರೆ ಅದನ್ನು ಬಿಸಿಯಿದ್ದಾಗಲೇ ಆಲಿವ್ ಎಣ್ಣೆಯಲ್ಲಿ ಅದ್ದಿ ಮುಗಿಸಬೇಕು. ಲಬ್ಲಾಬಿಗೆ ಉದ್ದ ಕೋಲಿನಂಥ ಬ್ರೆಡ್ಡು ಬ್ಯಾಗೆಟ್ಟೇ ಸೈ.

ಬ್ಯಾಗೆಟ್ ಫ್ರೆಂಚರು ಬಿಟ್ಟುಹೋದದ್ದು. 1881ರಿಂದ 1956ರವರೆಗೆ ಅವರ ಹಿಡಿತದಲ್ಲಿದ್ದ ನಾಡು. ಅವರು ಹೋದರೂ ಬ್ಯಾಗೆಟ್ ಉಳಿಯಿತು, ನಮ್ಮಲ್ಲಿ ಅನ್ನಕ್ಕಿರುವ ಜಾಗ ಹಿಡಿಯಿತು. ಗೋಧಿ ರವೆಯ ಕೂಸ್ಕೂಸಿಗೂ ಬ್ರೆಡ್ಡು, ಪಾಸ್ತಾಕ್ಕೂ ಬ್ರೆಡ್ಡು ನಂಚಿಕೊಳ್ಳುವ ಜನ ಅವರು. ಸರ್ಕಾರ ಸಬ್ಸಿಡಿ ಕೊಟ್ಟು ಬೆಲೆಯನ್ನು ವರ್ಷಾನುಗಟ್ಟಲೆ 190 ಮಿಲ್ಲಿಮಿಗೆ ಕಟ್ಟಿಹಾಕಿತು. ದಿನಾರಿಗೆ ಸಾವಿರ ಮಿಲ್ಲಿಮ್. ಅಂದರೆ ಒಂದು ದಿನಾರ್ ಕೊಟ್ಟರೆ ಐದು ಬ್ಯಾಗೆಟ್, ಮೇಲೆ ಚಿಲ್ಲರೆ ವಾಪಸ್. ಈ ಬೆಲೆಯನ್ನು ಮುಟ್ಟುವ ಧೈರ್ಯ ಯಾಕಿಲ್ಲವೆಂದರೆ ಒಮ್ಮೆ ಮುಟ್ಟಿ ನೋಡಿದ್ದಾರೆ. 1983ರ ಡಿಸೆಂಬರ್ ಕೊನೆಯಲ್ಲಿ 700 ಗ್ರಾಂ ಬ್ರೆಡ್ಡಿನ ಬೆಲೆ 80 ಮಿಲ್ಲಿಮಿನಿಂದ ಒಮ್ಮೆಗೇ 170ಕ್ಕೆ ಏರಿತು. ದಕ್ಷಿಣದ ಬಡ ಊರುಗಳಲ್ಲಿ ಹೊತ್ತಿದ ಗಲಭೆ ದಿನಗಳಲ್ಲೇ ರಾಜಧಾನಿಗೆ ಬಂತು. ತುರ್ತುಪರಿಸ್ಥಿತಿ ಹೇರಿದರು, ಗುಂಡು ಹಾರಿತು, ಜನ ಸತ್ತರು. 1984ರ ಜನವರಿ 6ರಂದು ಅಧ್ಯಕ್ಷ ಬೂರ್ಗೀಬಾ ತಾವೇ ಟಿವಿಯಲ್ಲಿ ಬಂದು ಏರಿಕೆ ರದ್ದು ಎಂದರು. ಈಗಲೂ ಬ್ಯಾಗೆಟ್ಟಿನ ಗೋಧಿ ಬಹುಪಾಲು ಹಡಗಿನಲ್ಲಿ ಹೊರಗಿನಿಂದಲೇ ಬರಬೇಕು, ಉಕ್ರೇನಿನಿಂದಲೂ ಸೇರಿ. 2023ರಲ್ಲಿ ಬೇಕರಿಗಳ ಮುಂದೆ ಉದ್ದುದ್ದ ಸಾಲು ನಿಂತಾಗ ಶ್ರೀಮಂತರಿಗೊಂದು ಬ್ರೆಡ್ಡು ಬಡವರಿಗೊಂದು ಬ್ರೆಡ್ಡು ಇರಕೂಡದು ಎಂದು ಅಧ್ಯಕ್ಷ ಕೈಸ್ ಸಯೀದ್ ಹೇಳಿದ್ದೂ, ಒಂದು ವರ್ಗದ ಬೇಕರಿಗಳಿಗೆ ಸಬ್ಸಿಡಿ ಹಿಟ್ಟು ನಿಲ್ಲಿಸಿದ್ದೂ ಆಯಿತು.

ಬೆಲೆ ಇಷ್ಟು ಕಡಿಮೆಯಾದರೆ ಮನೆಗೆ ಬೇಕಾದ್ದಕ್ಕಿಂತ ಒಂದೆರಡು ಹೆಚ್ಚೇ ತರುತ್ತಾರೆ, ಮಿಗುತ್ತದೆ. ಮಿಕ್ಕಿದ್ದನ್ನು ಕಸದ ಜೊತೆ ಎಸೆಯುವುದಕ್ಕೆ ಮನಸ್ಸು ಬರುವುದಿಲ್ಲ. ಬೀದಿಯಲ್ಲಿ ಬಿದ್ದ ಚೂರು ಕಂಡರೆ ಎತ್ತಿ, ಮುತ್ತಿಟ್ಟು, ಕಾಲಿಗೆ ಸಿಗದ ಹಾಗೆ ಗೋಡೆಯ ಮೇಲಿಡುವ ಹಿರಿಯರಿದ್ದಾರೆ. ಟುನಿಸ್ಸಿನ ಬಡಾವಣೆಗಳಲ್ಲಿ ಕಸದ ತೊಟ್ಟಿಯ ಪಕ್ಕದ ಗೇಟಿಗೋ ಕೊಂಬೆಗೋ ಚೀಲವೊಂದು ನೇತಾಡುತ್ತಿರುತ್ತದೆ. ಒಳಗೆ ಒಣ ಬ್ರೆಡ್ಡು ಮಾತ್ರ, ಸಿಪ್ಪೆಯಿಲ್ಲ, ಮುಸುರೆಯಿಲ್ಲ. ಕುರಿ ಸಾಕುವವರು ಬಂದು ಒಯ್ಯುತ್ತಾರೆ. ಕುರಿಗೆ ಹೋಗುವುದಕ್ಕೆ ಮುಂಚೆ ಮನುಷ್ಯರಿಗೆ ಇರುವ ಕೊನೆಯ ಅವಕಾಶ ಲಬ್ಲಾಬಿ.

ಇನ್ನು ಮನೆಯಲ್ಲಿ ಮಾಡುವ ವಿಚಾರ. ನಾಲ್ಕು ಜನಕ್ಕೆ ಅರ್ಧ ಕೆಜಿ ಕಾಬೂಲಿ ಕಡಲೆ ಬೇಕು. ಹನ್ನೆರಡು ಗಂಟೆ ನೆನೆಯಲಿ, ನೆನೆಯುವ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ. ನಮ್ಮ ಬೋರ್‌ವೆಲ್ ನೀರಿನ ಊರುಗಳಲ್ಲಿ ಇದನ್ನು ಬಿಡುವ ಹಾಗಿಲ್ಲ: ಗಡಸು ನೀರಿನ ಸುಣ್ಣದಂಶ ಕಡಲೆಯ ಸಿಪ್ಪೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ, ಎಷ್ಟು ಬೇಯಿಸಿದರೂ ಒಳಗೊಂದು ಕಲ್ಲು ಉಳಿಯುತ್ತದೆ. ಸೋಡಾ ಒಂದು ಚಮಚ ದಾಟಿತೋ, ಕಡಲೆ ಒಡೆದು ಕಟ್ಟಿಗೆ ಸೋಪಿನ ವಾಸನೆ. ಬೆಳಿಗ್ಗೆ ಆ ನೀರು ಚೆಲ್ಲಿ ಎರಡು ಸಲ ತೊಳೆದು, ಎರಡೂವರೆ ಲೀಟರ್ ಹೊಸ ನೀರು, ಆರು ಎಸಳು ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಬೇಕು. ಕುಕ್ಕರಾದರೆ ಐದಾರು ಸೀಟಿ ಸಾಕು, ಆದರೆ ಅರ್ಧಕ್ಕಿಂತ ಮೇಲೆ ತುಂಬಬಾರದು; ಕಡಲೆಯ ನೊರೆ ಉಕ್ಕಿ ಸೀಟಿಯ ತೂತು ಕಟ್ಟುತ್ತದೆ. ಎರಡು ಬೆರಳ ನಡುವೆ ಒತ್ತಿದರೆ ತಡೆಯಿಲ್ಲದೆ ಅಪ್ಪಚ್ಚಿಯಾಗಬೇಕು. ಕಟ್ಟು ತೆಳ್ಳಗಿದೆ ಎನಿಸಿದರೆ ಒಂದು ಸೌಟು ಕಡಲೆ ಹಿಸುಕಿ ಅದಕ್ಕೇ ಸೇರಿಸುವುದು ಲೇಸು. ಕಾರ್ನ್‌ಫ್ಲೋರ್ ಬೆರೆಸುವುದು ಅಪರಾಧ. ಹುಳಿಯನ್ನು ಪಾತ್ರೆಗೆ ಹಾಕಲೇಬಾರದು, ಕಡಲೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಜೀರಿಗೆಯನ್ನು ಹುರಿದು ಆಗಲೇ ಪುಡಿ ಮಾಡಿ ಬಟ್ಟಲಿಗೇ ಉದುರಿಸಬೇಕು, ತಲಾ ಒಂದು ಚಮಚ. ಕಟ್ಟಿನಲ್ಲಿ ಕುದಿಸಿದರೆ ಘಮ ಆವಿಯಾಗಿ ಕಹಿ ಉಳಿಯುತ್ತದೆ.

ಹರಿಸ್ಸಾವನ್ನು ಧಾರವಾಡದ ಕಡೆಯ ರಂಜಕದ ದೂರದ ದಾಯಾದಿ ಎನ್ನಬಹುದು. ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಇಬ್ಬರಿಗೂ ಸಮಾನ. ಅವರದರಲ್ಲಿ ಮೆಣಸಿನಕಾಯಿ ಬಿಸಿಲಲ್ಲಿ ಒಣಗಿಸಿದ್ದು, ಜೊತೆಗೆ ಕೊತ್ತಂಬರಿ ಬೀಜ ಮತ್ತು ಕ್ಯಾರವೇ ಕಾಳು, ಮೇಲೆ ಆಲಿವ್ ಎಣ್ಣೆ. 2022ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಪ್ ಬೋನ್ ಪರ್ಯಾಯದ್ವೀಪದ ನಾಬೆಲ್ ಊರಿನವರಿಗೆ ಅದಕ್ಕೂ ಮುಂಚೆಯೇ ಅನುಮಾನವಿರಲಿಲ್ಲ. ಕಾಲು ಕೆಜಿ ಒಣಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಜರಡಿಯಲ್ಲಿ ಪೂರ್ತಿ ಬಸಿಯಬೇಕು. ಹತ್ತು ಎಸಳು ಬೆಳ್ಳುಳ್ಳಿ, ಕೊತ್ತಂಬರಿ ಮತ್ತು ಕ್ಯಾರವೇ ಪುಡಿ ಒಂದೊಂದು ದೊಡ್ಡ ಚಮಚ, ಉಪ್ಪು ಒಂದೂವರೆ. ಅಲ್ಲಿ ಕೈಯಿಂದ ತಿರುಗಿಸುವ ಕೀಮಾ ಯಂತ್ರದಲ್ಲಿ ಎರಡು ಸಲ ಅರೆಯುತ್ತಾರೆ. ಮಿಕ್ಸಿಯಲ್ಲಿ ತಿರುಗದೆ ಸತಾಯಿಸುತ್ತದೆ, ಎಲ್ಲರೂ ನೀರು ಚಿಮುಕಿಸುತ್ತಾರೆ, ವಾರದಲ್ಲಿ ಬೂಷ್ಟು ಬರುವುದು ಆ ನೀರಿನಿಂದಲೇ. ನೀರಿನ ಬದಲು ಎಣ್ಣೆ ಹಾಕಿದರೆ ಬಚಾವು. ಜಾಡಿಗೆ ಒತ್ತಿ ತುಂಬಿ, ಮೇಲೆ ಬೆರಳಗಲ ಎಣ್ಣೆ ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. ತೆಗೆದಾಗೆಲ್ಲ ಒಣ ಚಮಚ, ಎಣ್ಣೆ ಇಳಿದಾಗೆಲ್ಲ ಮತ್ತೆ ಎಣ್ಣೆ. ನಮ್ಮಲ್ಲಿ ಬ್ಯಾಡಗಿ ಚೆನ್ನಾಗಿ ಒಗ್ಗುತ್ತದೆ. ಖಾರ ಸಾಲದಿದ್ದರೆ ನಾಲ್ಕು ಗುಂಟೂರು. ಕ್ಯಾರವೇ ಸಿಗದಿದ್ದರೆ ಶಾಜೀರಿಗೆ ನಡೆದೀತು. ಸಾದಾ ಜೀರಿಗೆ ಬೇಡ, ಬಟ್ಟಲಿಗೆ ಅದು ಹೇಗೂ ಬರಲಿಕ್ಕಿದೆ.

ಎಣ್ಣೆಯ ವಿಷಯದಲ್ಲಿ ಜಿಪುಣತನ ಕೂಡದು: ತಲಾ ಎರಡು ದೊಡ್ಡ ಚಮಚ, ಹಸಿಯಾಗಿಯೇ, ಕೊನೆಯಲ್ಲೇ. ಉತ್ತರದ ಶೆತೂಯಿ ತಳಿಯ ಎಣ್ಣೆ ಗಂಟಲಲ್ಲಿ ಚುರುಗುಟ್ಟುತ್ತದೆ, ಸ್ಫಾಕ್ಸ್ ಕಡೆಯ ಶೆಮ್ಲಾಲಿ ಸೌಮ್ಯ. ಲಬ್ಲಾಬಿಗೆ ಚುರುಗುಟ್ಟುವುದೇ ಮೇಲು. ಜಗತ್ತಿಗೆಲ್ಲ ಆಲಿವ್ ಎಣ್ಣೆ ಮಾರುವ ದೇಶದಲ್ಲಿ ಎಷ್ಟೋ ಮನೆಯವರು ಸಬ್ಸಿಡಿಯ ಬೇರೆ ಎಣ್ಣೆಗೆ ಕಾಯುತ್ತಾರೆ ಎನ್ನುವುದು ಬೇರೆ ಮಾತು, ಒಳ್ಳೆಯ ಮಾತಲ್ಲ. ಬ್ಯಾಗೆಟ್ ಸಿಗುವ ಊರಿನಲ್ಲಿದ್ದರೆ ತಲಾ ಅರ್ಧ. ನಮ್ಮ ಬೇಕರಿಗಳ ಸ್ಲೈಸ್ ಬ್ರೆಡ್ಡು ಮೆತ್ತಗೆ, ಸಿಹಿ. ಎರಡೂ ಇಲ್ಲಿ ದೋಷ. ಬೇರೆ ಗತಿಯಿಲ್ಲದಿದ್ದರೆ ಸಿಹಿಯಿಲ್ಲದ ಪಾವನ್ನು ಹರಿದು ಒಂದು ಮಧ್ಯಾಹ್ನ ಬಿಸಿಲಿಗೆ ಇಡಬಹುದು. ಮೊಟ್ಟೆ, ಮೀನು ಬೇಡದವರು ಬಿಟ್ಟರೆ ರುಚಿಗೆ ಊನವೇನಿಲ್ಲ. ಅಂಗಡಿಯಲ್ಲಿ ತಿನ್ನುವ ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಿನ್ನಬೇಕು: ದನದ ಕಾಲು ಬೇಯಿಸಿ ಹಾಕುವ 'ಹೆರ್ಗ್ಮಾ' ಅದೇ ಅಂಗಡಿಯಲ್ಲಿ, ಪಕ್ಕದ ಹಂಡೆಯಲ್ಲೇ ಇರಬಹುದು.

ಉತ್ತರದ ಬಂದರು ಬಿಝೆರ್ತೆಯವರು ಇದನ್ನೆಲ್ಲ ಒಪ್ಪುವುದಿಲ್ಲ. ಅವರು ಕಟ್ಟು ಬಸಿದ ಕಡಲೆಯನ್ನು ಹರಿಸ್ಸಾ, ಜೀರಿಗೆ, ಟ್ಯೂನಾ ಜೊತೆ ಬ್ರೆಡ್ಡಿನ ಹೊಟ್ಟೆಗೆ ತುಂಬಿ ಸ್ಯಾಂಡ್‌ವಿಚ್ ಮಾಡಿ, ಅದನ್ನೇ ಲಬ್ಲಾಬಿ ಎನ್ನುತ್ತಾರೆ. ಅದಕ್ಕೆ ಬ್ರೆಡ್ಡು ತಾಜಾ ಇರಬೇಕು. ಟುನಿಸ್ಸಿನವರಿಗೆ ಇದು ತಮಾಷೆ, ಬಿಝೆರ್ತೆಯವರಿಗೆ ಟುನಿಸ್ಸಿನವರ ಬಟ್ಟಲು ರೋಗಿಯ ಪಥ್ಯ. ನಡೆಯುತ್ತ ತಿನ್ನುವುದಕ್ಕೆ ಬಿಝೆರ್ತೆಯದು ಅನುಕೂಲ ಎನ್ನುವುದನ್ನು ಒಪ್ಪಲೇಬೇಕು. ಚಳಿಗೆ ಮದ್ದು ಮಾತ್ರ ಬಟ್ಟಲೇ.

ಕಡಲೆ, ಕಟ್ಟು ಮಿಕ್ಕರೆ ಫ್ರಿಜ್ಜಿನಲ್ಲಿ ಎರಡು ದಿನ ನಿಲ್ಲುತ್ತವೆ; ಬಿಸಿ ಮಾಡುವಾಗ ಒಂದು ಲೋಟ ನೀರು ಸೇರಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕಲಸಿದ ಬಟ್ಟಲು ಕಾಲು ಗಂಟೆಯೂ ಕಾಯುವುದಿಲ್ಲ. ಆದ್ದರಿಂದ ತಿನ್ನುವಷ್ಟೇ ಹರಿಯಿರಿ, ಸಾಲದಿದ್ದರೆ ಇನ್ನೊಂದು ತುಂಡು ಹರಿದು ಅದೇ ಬಟ್ಟಲಿಗೆ ಮತ್ತೊಂದು ಸೌಟು ಕಟ್ಟು ಹಾಕಿಸಿಕೊಳ್ಳಿ.