ಮೂರು ವಾರದಲ್ಲಿ ನೂರು ವರ್ಷದ ತೋಟ

ಗಿಡ ನೆಡುವುದು, ನೀರು ಹಾಕುವುದು, ಬೆಳೆಯುವವರೆಗೆ ಕಾಯುವುದು. ತೋಟಗಾರಿಕೆಯ ಈ ಮೂರು ಕೆಲಸಗಳಲ್ಲಿ ಮೂರನೆಯದು ಶುದ್ಧ ದಂಡ ಎಂದು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿ ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನಕ್ಕೆ ಸಲ್ಲಬೇಕು. 1804ರಲ್ಲಿ ಹುಟ್ಟಿದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, ನಿವೃತ್ತ ಸೈನಿಕರು ವಾಸಿಸುವ ರಾಯಲ್ ಹಾಸ್ಪಿಟಲ್ ಆವರಣದಲ್ಲಿ 1913ರಿಂದ ನಡೆಸಿಕೊಂಡು ಬಂದಿರುವ ಹಬ್ಬ ಇದು. ಮೇ ತಿಂಗಳ ಮೊದಲಿಗೆ ಅಲ್ಲಿ ಬರೀ ಹುಲ್ಲುಹಾಸು. ಮೂರು ವಾರ ಕಳೆದು ಹೋಗಿ ನೋಡಿ, ನಾಲ್ಕು ತಲೆಮಾರಿನವರು ಬಾಳಿ ಬದುಕಿದ ಹಾಗೆ ಕಾಣುವ ತೋಟಗಳು ಸಾಲಾಗಿ ನಿಂತಿರುತ್ತವೆ. ಕಲ್ಲಿನ ಮೇಲೆ ಪಾಚಿ, ಗೋಡೆಯ ಮೇಲೆ ಬಳ್ಳಿ, ಕಬ್ಬಿಣದ ಹಲಗೆಯ ಮೇಲೆ ಹದವಾದ ತುಕ್ಕು. ಪಾಚಿ ಟ್ರೇಯಲ್ಲಿ ಬಂದದ್ದು. ತುಕ್ಕೂ ವಿನ್ಯಾಸದ ಪ್ರಕಾರವೇ ಹಿಡಿದದ್ದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ವಿನ್ಯಾಸಕರಿಗೆ ಎಷ್ಟು ಬಗ್ಗಿರಬೇಕೋ ಅಷ್ಟೇ ಬಗ್ಗಿದ ಮರವನ್ನು ನರ್ಸರಿಯಲ್ಲಿ ಆರಿಸಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ, ಅದರ ಒಳ್ಳೆಯ ಮುಖ ಕ್ಯಾಮೆರಾ ಕಡೆ ಬರುವಂತೆ ತಿರುಗಿಸಿ ನಿಲ್ಲಿಸುತ್ತಾರೆ. ಎಷ್ಟೋ ಗಿಡಗಳಿಗೆ ನೆಲ ಮುಟ್ಟುವ ಭಾಗ್ಯವೂ ಇಲ್ಲ. ಕುಂಡದ ಸಮೇತ ಹೂತು, ಕುಂಡದ ಅಂಚು ಕಾಣದಂತೆ ಮೇಲೆ ತೊಗಟೆಪುಡಿ ಹರಡಿದರೆ ಪಾತಿ ಸಿದ್ಧ.

ಹೂವುಗಳದ್ದು ಇನ್ನೊಂದು ಪಾಡು. ಪ್ರದರ್ಶನ ಮಂಗಳವಾರ ಶುರುವಾದರೆ ಹೂವು ಮಂಗಳವಾರವೇ ಅರಳಬೇಕು, ಸೋಮವಾರ ಅರಳಿದರೆ ಆತುರಗೇಡಿ, ಬುಧವಾರ ಅರಳಿದರೆ ಸೋಮಾರಿ. ಮುಂದೆ ಓಡುವ ಗಿಡವನ್ನು ತಣ್ಣಗಿನ ಕೋಣೆಗೆ ಹಾಕಿ ತಡೆಯುತ್ತಾರೆ, ಹಿಂದೆ ಬಿದ್ದದ್ದನ್ನು ಗಾಜಿನ ಮನೆಯಲ್ಲಿ ಕೂರಿಸಿ ಬೆಚ್ಚಗೆ ಮಾಡುತ್ತಾರೆ. ಅಷ್ಟಕ್ಕೂ ಹಟ ಬಿಡದ ಮೊಗ್ಗಿಗೆ ಹೇರ್ ಡ್ರೈಯರ್ ಹಿಡಿದ ಕತೆಗಳೂ ಆ ಬಳಗದಲ್ಲಿ ಧಾರಾಳ. ಇಂಗ್ಲೆಂಡಿನಲ್ಲಿ ಮಾರ್ಚ್, ಏಪ್ರಿಲ್‌ಗೆ ಅರಳಿ ಮುಗಿಯಬೇಕಾದ ಡ್ಯಾಫೊಡಿಲ್ ಹೂವುಗಳು ಮೇ ಕೊನೆಯಲ್ಲಿ ದೊಡ್ಡ ಚಪ್ಪರದೊಳಗೆ ಆಗ ತಾನೇ ಎದ್ದವರಂತೆ ನಗುತ್ತ ನಿಂತಿರುವುದನ್ನು ನೋಡಿ ಜನ ಪ್ರಕೃತಿಯ ಚಮತ್ಕಾರ ಎನ್ನುತ್ತಾರೆ. ಪಾಪ, ಶೀತಲಗೃಹದ ಕರೆಂಟ್ ಬಿಲ್ಲು ಕಟ್ಟಿದವರನ್ನು ಯಾರೂ ನೆನೆಯುವುದಿಲ್ಲ.

ಇಷ್ಟಾದ ಮೇಲೆ ಪದಕ. ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು ಎಂದು ನಾಲ್ಕು ದರ್ಜೆ. ಮೊದಲ ಸ್ಥಾನ, ಎರಡನೇ ಸ್ಥಾನ ಎಂಬ ಕ್ರಮವಿಲ್ಲ, ಯೋಗ್ಯತೆ ಇದ್ದರೆ ಹತ್ತು ತೋಟಕ್ಕೂ ಚಿನ್ನ ಸಿಗಬಹುದು. ಯೋಗ್ಯತೆ ಅಳೆಯುವ ಬಗೆಯಂತೂ ನನಗೆ ಬಹಳ ಹಿಡಿಸಿತು. ವಿನ್ಯಾಸಕರು ಮೊದಲೇ ಒಂದು ಬ್ರೀಫ್ ಬರೆದು ಕೊಡಬೇಕು: ಈ ತೋಟ ಏನು, ಯಾರಿಗಾಗಿ, ಏನನ್ನು ಹೇಳುತ್ತದೆ. ತೋಟವು ಆ ಬ್ರೀಫಿಗೆ ಎಷ್ಟು ನಿಷ್ಠವಾಗಿದೆ ಎಂದು ತೀರ್ಪುಗಾರರು ನೋಡುತ್ತಾರೆ. ಪ್ರಶ್ನೆಪತ್ರಿಕೆಯನ್ನು ಅಭ್ಯರ್ಥಿಯೇ ಬರೆದುಕೊಂಡು ಬರುವ ಪರೀಕ್ಷೆಯಲ್ಲೂ ಕೆಲವರು ಕಂಚಿಗೆ ಇಳಿಯುತ್ತಾರೆಂದರೆ ಅದು ನಿಜಕ್ಕೂ ಕಠಿಣ ಪರೀಕ್ಷೆಯೇ ಇರಬೇಕು. ಬ್ರೀಫಿನಲ್ಲಿ ಬಂಡೆ ಎಂದರೆ ಬಂಡೆಯಲ್ಲ, ಬದುಕಿನ ಅಡೆತಡೆ. ನೀರಿನ ತೊಟ್ಟಿ ಎಂದರೆ ಅಂತರಂಗ. ಅಂಕುಡೊಂಕಿನ ದಾರಿ ಇದ್ದರೆ ಅದು ಖಂಡಿತ ಯಾರದೋ ಪಯಣ, ಆದರೆ ನೀವು ಆ ಪಯಣ ಮಾಡುವಂತಿಲ್ಲ. ಟಿಕೆಟ್ ಕೊಂಡವರು ಹಗ್ಗದ ಈಚೆ ನಿಂತು, ಮುಂದಿನವರ ಹೆಗಲ ಮೇಲಿಂದ ಅಂತರಂಗವನ್ನು ನೋಡಿ ಮುಂದೆ ಸರಿಯಬೇಕು. ಒಳಗಿನ ಬೆಂಚು ಪ್ರಾಯೋಜಕರ ಅತಿಥಿಗಳಿಗೆ, ಟೀವಿಯವರಿಗೆ, ಸೋಮವಾರ ಬರುವ ರಾಜಮನೆತನದವರಿಗೆ.

ಈಚೆಗಿನ ಫ್ಯಾಷನ್ ಸರಳತೆ. ಸರಳತೆ ದುಬಾರಿ ಎಂಬುದು ಬೇರೆ ವಿಷಯ. ದೊಡ್ಡ ತೋಟವೊಂದಕ್ಕೆ ಲಕ್ಷಾಂತರ ಪೌಂಡ್ ಸುರಿಯುತ್ತಾರೆ. 2022ರಲ್ಲಿ ಅತ್ಯುತ್ತಮ ತೋಟದ ಬಿರುದು ಪಡೆದದ್ದು ಮನುಷ್ಯ ಕೈ ಹಚ್ಚದೆ ಬಿಟ್ಟರೆ ನೆಲ ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ತೋರಿಸುವ ತೋಟ. ಬೀವರ್ ಎಂಬ ಪ್ರಾಣಿ ಕಡ್ಡಿ ಜೋಡಿಸಿ ಕಟ್ಟುವಂಥ ಒಡ್ಡು, ಅದರ ಹಿಂದೆ ನಿಂತ ನೀರು, ಕಾಡುಹೂವು. ಬ್ರಿಟನ್ನಿನ ಬೀವರ್‌ಗಳನ್ನು ತುಪ್ಪಳಕ್ಕಾಗಿ ಬೇಟೆಯಾಡಿ ಮುಗಿಸಿ ಸುಮಾರು 400 ವರ್ಷಗಳಾಗಿದ್ದವು, ಈಗ ಅಲ್ಲಲ್ಲಿ ಮತ್ತೆ ತಂದು ಬಿಡುತ್ತಿದ್ದಾರೆ. ಆಶಯ ದೊಡ್ಡದು, ತಕರಾರಿಲ್ಲ. ಆದರೆ ಮನುಷ್ಯ ಕೈ ಹಚ್ಚಬಾರದು ಎಂದು ಹೇಳಲು ಎಷ್ಟು ಜನರ ಕೈ ಹಚ್ಚಬೇಕಾಯಿತು ಎಂಬ ಲೆಕ್ಕ ಮಾತ್ರ ಆ ಒಡ್ಡಿನ ಹಿಂದೆಯೇ ಉಳಿಯಿತು. ಮರುವರ್ಷ ಹಲವು ತೋಟಗಳಲ್ಲಿ ಕಳೆಗಳಿಗೇ ನಾಯಕನ ಪಾತ್ರ. ರಸ್ತೆ ಬದಿಯಲ್ಲಿ ಬಿಟ್ಟಿ ಬೆಳೆಯುವ ಕಳೆ ಇಲ್ಲಿಗೆ ಹಾಗೇ ಬರುವಂತಿಲ್ಲ. ಅದನ್ನು ತಿಂಗಳುಗಟ್ಟಲೆ ಕುಂಡದಲ್ಲಿ ಸಾಕಿ, ಒಣಗಿದ ಎಲೆ ಕಿತ್ತು, ಅಕಸ್ಮಾತ್ತಾಗಿ ಹುಟ್ಟಿದಂತೆ ಕಾಣುವ ಜಾಗವನ್ನು ಅಳೆದು ನೆಡಬೇಕು. ಆ ಕಳೆಯ ಪಕ್ಕದಲ್ಲಿ ಆಹ್ವಾನವಿಲ್ಲದೆ ಇನ್ನೊಂದು ಕಳೆ ಹುಟ್ಟಿದರೆ? ಕಿತ್ತು ಬಿಸಾಡುತ್ತಾರೆ.

ಅಭಿರುಚಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಕೆಂಪು ಟೋಪಿಯ, ಬಿಳಿ ಗಡ್ಡದ ಕುಳ್ಳಜ್ಜನ ಗೊಂಬೆ, ಅಂದರೆ ಇಂಗ್ಲೆಂಡಿನ ಬಡಪಾಯಿಗಳ ಹಿತ್ತಲಲ್ಲಿ ಮೀನು ಹಿಡಿಯುತ್ತ ಕೂತಿರುವ ಗಾರ್ಡನ್ ನೋಮ್, ಇಲ್ಲಿ ಬಹುಕಾಲ ನಿಷಿದ್ಧ. ನೂರನೇ ವರ್ಷದ ಸಂಭ್ರಮಕ್ಕೆ 2013ರಲ್ಲಿ ಒಂದು ಸಲ ಕನಿಕರಿಸಿ ಒಳಗೆ ಬಿಟ್ಟರು. ಆದರೆ 2011ರಲ್ಲಿ ಐರ್ಲೆಂಡಿನ ತೋಟ ವಿನ್ಯಾಸಕ ಡೈರ್ಮಡ್ ಗ್ಯಾವಿನ್ ಗುಲಾಬಿ ಬಣ್ಣದ ತೊಟ್ಟಿಲಲ್ಲಿ ಗಿಡ ತುಂಬಿ, ಕ್ರೇನಿಗೆ ನೇತುಹಾಕಿ ಆಕಾಶಕ್ಕೆ ಎತ್ತಿದಾಗ ಅಭಿರುಚಿಗೆ ಧಕ್ಕೆಯಾಗಲಿಲ್ಲ, ಚಿನ್ನದ ಪದಕ ಬಂತು. ಅದಕ್ಕೂ ಎರಡು ವರ್ಷ ಮೊದಲು ಟೀವಿ ನಿರೂಪಕ ಜೇಮ್ಸ್ ಮೇ ಒಂದೂ ಜೀವಂತ ಗಿಡವಿಲ್ಲದೆ, ಮಕ್ಕಳು ಆಡುವ, ಜೇಡಿಮಣ್ಣಿನಂಥ ಬಣ್ಣದ ಪ್ಲಾಸ್ಟಿಸಿನ್‌ನಲ್ಲೇ ಇಡೀ ತೋಟ ಮಾಡಿದ್ದರು. ಅವರಿಗೆ ಪ್ಲಾಸ್ಟಿಸಿನ್ನಿನದೇ ಪದಕ ಕೊಟ್ಟರು. ನನ್ನನ್ನು ಕೇಳಿದರೆ ಚೆಲ್ಸಿಯ ಚರಿತ್ರೆಯಲ್ಲೇ ಅತ್ಯಂತ ಪ್ರಾಮಾಣಿಕ ತೋಟ ಅದು. ಅರಳುವ ದಿನ ಕಾಯುವ ನಾಟಕವಿಲ್ಲ, ಬಾಡುವ ಭಯವಿಲ್ಲ.

ಐದು ದಿನ ಮುಗಿಯಿತು. ಶನಿವಾರ ಸಂಜೆ ನಾಲ್ಕಕ್ಕೆ ಗಂಟೆ ಬಾರಿಸಿದ್ದೇ ತಡ, ಅದುವರೆಗೆ ಗಂಭೀರವಾಗಿ ಶಾಂಪೇನ್ ಹೀರುತ್ತಿದ್ದ ಜನ ಪ್ರದರ್ಶನಕ್ಕಿಟ್ಟ ಗಿಡಗಳನ್ನೇ ಕೊಳ್ಳಲು ಮುಗಿಬೀಳುತ್ತಾರೆ. ಆಳೆತ್ತರದ ಡೆಲ್ಫಿನಿಯಂ, ಫಾಕ್ಸ್‌ಗ್ಲೋವ್ ತಬ್ಬಿಕೊಂಡು ಸುರಂಗ ರೈಲು ಹತ್ತುತ್ತಾರೆ. ಸಾಮಾನ್ಯ ಫಾಕ್ಸ್‌ಗ್ಲೋವ್ ಮೊದಲ ವರ್ಷ ಎಲೆ ಬಿಟ್ಟು, ಎರಡನೇ ವರ್ಷ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ. ಹೂ ನೋಡಿ ಕೊಂಡವರು ಕೊಂಡದ್ದು ಅದರ ಕೊನೆಯ ಅಧ್ಯಾಯವನ್ನು.

ತೋಟಗಳನ್ನು ಬಿಚ್ಚುವ ಕೆಲಸವೂ ಆಮೇಲೆ ಶುರು. ಈಗೀಗ ಹಲವು ತೋಟಗಳು ಶಾಲೆಗೋ ಆಸ್ಪತ್ರೆಗೋ ಹೋಗಿ ನೆಲೆಯಾಗುತ್ತವೆ. ಇದು ಒಳ್ಳೆಯದೇ, ಇದನ್ನು ಆಡಿಕೊಳ್ಳಲು ನನ್ನ ನಾಲಿಗೆಯೂ ಏಳುವುದಿಲ್ಲ. ಅದೇ ಲಾರಿ, ಅದೇ ಕ್ರೇನು, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡುತ್ತವೆ. ಆಮೇಲೆ ಉಳಿದ ಬೋಳು ಮೈದಾನಕ್ಕೆ ಮತ್ತೆ ಹುಲ್ಲು ಹಾಕಬೇಕು. ಹುಲ್ಲು ಬೇರೂರಲು ವಾರಗಳೇ ಬೇಕು, ಹೇರ್ ಡ್ರೈಯರಿಗೆ ಬಗ್ಗುವ ಜಾತಿಯಲ್ಲ. ಅದಕ್ಕೆ ನೀರು ಹಿಡಿಯುವವರಿಗೆ ಪ್ರಾಯೋಜಕರಿಲ್ಲ, ಬ್ರೀಫ್ ಇಲ್ಲ, ಆದ್ದರಿಂದ ನಿಯಮದ ಪ್ರಕಾರ ಕಂಚಿಗೂ ಅರ್ಹತೆಯಿಲ್ಲ.